ಮುದ್ದೆಯಲ್ಲಿ ಉಪ್ಪಿಲ್ಲ, ಸಾರಲ್ಲಿದೆ

ಬಿಪಿ ಅಂತ ಗೊತ್ತಾದ ಕೂಡಲೇ ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ಮೊದಲು ಮಾಯವಾಗುವುದು ಉಪ್ಪಿನಕಾಯಿ ಭರಣಿ. ಆಮೇಲೆ ಹಪ್ಪಳ, ಅದಾದ ಮೇಲೆ ಬೇಕರಿಯ ಖಾರ ತಿಂಡಿ. ಸಾರಿನ ಪಾತ್ರೆ ಮಾತ್ರ ಇದ್ದ ಹಾಗೇ ಇರುತ್ತದೆ. ಆರು ತಿಂಗಳಾದರೂ ಬಿಪಿ ಇಳಿಯದಿದ್ದಾಗ "ಉಪ್ಪು ಬಿಟ್ಟು ನೋಡಿದ್ವಿ, ಏನೂ ಪ್ರಯೋಜನ ಆಗಲಿಲ್ಲ" ಅನ್ನುವ ಮಾತು ಬರುತ್ತದೆ. ಉಪ್ಪು ಬಿಟ್ಟಿರುವುದಿಲ್ಲ, ಬದಿಯ ವ್ಯಂಜನ ಬಿಟ್ಟಿರುತ್ತಾರೆ ಅಷ್ಟೇ.

ನಮ್ಮ ಊಟದ ಕಟ್ಟೇ ಹಾಗಿದೆ. ಮುದ್ದೆಗೆ ಉಪ್ಪು ಹಾಕುವುದಿಲ್ಲ, ಹಾಕಿದರೂ ಒಂದು ಚಿಟಿಕೆ. ಅನ್ನಕ್ಕಂತೂ ಇಲ್ಲವೇ ಇಲ್ಲ. ಅಷ್ಟು ದೊಡ್ಡ ಸಪ್ಪೆ ಮುದ್ದೆಯನ್ನು ಒಳಗಿಳಿಸುವ ಕೆಲಸ ಪೂರ್ತಿ ಸಾರಿನ ಮೇಲೆ ಬೀಳುತ್ತದೆ, ಹಾಗಾಗಿ ಸಾರು ಒಂದು ಪಟ್ಟು ಗಟ್ಟಿಯಾಗಿಯೇ ಉಪ್ಪು ಹಿಡಿದಿರುತ್ತದೆ. ಪಟ್ಟಣದ ಪತ್ರಿಕೆಗಳಲ್ಲಿ ಬರುವ "ಪ್ಯಾಕೆಟ್ ತಿಂಡಿ ಕಡಿಮೆ ಮಾಡಿ" ಎಂಬ ಸಲಹೆ ಬ್ರೆಡ್ಡು, ಚೀಸು, ಸಂಸ್ಕರಿಸಿದ ಮಾಂಸ ತಿನ್ನುವ ದೇಶಗಳಿಂದ ಬಂದದ್ದು. ಅಲ್ಲಿ ಉಪ್ಪಿನ ಬಹುಪಾಲು ಕಾರ್ಖಾನೆಯಲ್ಲೇ ಸೇರಿರುತ್ತದೆ. ನಮ್ಮಲ್ಲಿ ಅದು ಸೇರುವುದು ನಮ್ಮದೇ ಒಲೆಯ ಮೇಲೆ. ಒಂದು ಲೆಕ್ಕದಲ್ಲಿ ಇದು ಒಳ್ಳೆಯದೇ, ಕೈ ಹಿಡಿತದಲ್ಲಿರುವ ವಿಷಯ.

ಲೆಕ್ಕಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು. ಉಪ್ಪಿನ ತೂಕದಲ್ಲಿ ಶೇ. 39ರಷ್ಟು ಸೋಡಿಯಂ, ಉಳಿದದ್ದು ಕ್ಲೋರೈಡ್. ಹಾಗಾಗಿ 1 ಗ್ರಾಂ ಉಪ್ಪು ಅಂದರೆ ಸುಮಾರು 400 ಮಿ.ಗ್ರಾಂ ಸೋಡಿಯಂ. ತುಂಬಿ ಮೇಲೆ ಚಾಕುವಿನಿಂದ ಸವರಿದ ಒಂದು ಟೀ ಚಮಚ ಪುಡಿ ಉಪ್ಪು 6 ಗ್ರಾಂ ತೂಗುತ್ತದೆ. ಒಬ್ಬರ ಇಡೀ ದಿನದ ಮಿತಿ ಆ ಒಂದು ಚಮಚಕ್ಕಿಂತಲೂ ಸ್ವಲ್ಪ ಕಡಿಮೆ. ಕಲ್ಲುಪ್ಪಾದರೆ ಹರಳುಗಳ ನಡುವೆ ಸಂದಿ ಇರುವುದರಿಂದ ಅದೇ ಚಮಚ ಕಡಿಮೆ ತೂಗುತ್ತದೆ. ಇದರಿಂದಲೇ "ಕಲ್ಲುಪ್ಪು ಒಳ್ಳೇದು" ಎಂಬ ಮಾತು ಸ್ವಲ್ಪ ನಿಜದಂತೆ ಕಾಣುತ್ತದೆ. ಗ್ರಾಂ ಲೆಕ್ಕದಲ್ಲಿ ಎರಡರ ಸೋಡಿಯಂ ಒಂದೇ. ಸೈಂಧವ ಲವಣವೂ ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ. ಅದರಲ್ಲಿರುವ ಗುಲಾಬಿ ಬಣ್ಣದ ಖನಿಜಗಳಿಂದ ಮೈಗೆ ಏನಾದರೂ ಸಿಗಬೇಕಾದರೆ ಯಾರೂ ತಿನ್ನಲಾರದಷ್ಟು ಉಪ್ಪು ತಿನ್ನಬೇಕಾಗುತ್ತದೆ. ಮೇಲಾಗಿ ಅದರಲ್ಲಿ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ.

ಪೊಟ್ಟಣದ ಮೇಲೆ ತಾರೀಖು

ಮನೆಯ ಉಪ್ಪಿನ ಬಳಕೆ ತಿಳಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಹೊಸ ಒಂದು ಕೆ.ಜಿ. ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಖಾಲಿಯಾದ ದಿನ ಎಣಿಸಿ. 1000 ಗ್ರಾಂ ಅನ್ನು ದಿನಗಳಿಂದ ಭಾಗಿಸಿ, ಮತ್ತೆ ಮನೆಯಲ್ಲಿ ಊಟ ಮಾಡುವವರ ಸಂಖ್ಯೆಯಿಂದ ಭಾಗಿಸಿ. ನಾಲ್ಕು ಜನರ ಮನೆಯಲ್ಲಿ ಪೊಟ್ಟಣ 22 ದಿನಕ್ಕೆ ಮುಗಿದರೆ ತಲೆಗೆ 11 ಗ್ರಾಂಗಿಂತ ಹೆಚ್ಚು. 5 ಗ್ರಾಂ ಮಿತಿಯಲ್ಲಿ ಅದೇ ಪೊಟ್ಟಣ 50 ದಿನ ಬರಬೇಕು. ಹೊರಗಿನ ತಿಂಡಿ, ಬಿಸ್ಕತ್ತು, ಬ್ರೆಡ್ಡಿಗೆ ಅಂತ ದಿನಕ್ಕೆ ಒಂದು ಗ್ರಾಂ ಬಿಟ್ಟರೆ ಎರಡು ತಿಂಗಳು.

ಈ ಲೆಕ್ಕ ತಪ್ಪುವುದು ಎಲ್ಲಿ ಅಂತಲೂ ಗೊತ್ತಿರಬೇಕು. ಕಲ್ಲುಪ್ಪು ಮತ್ತು ಪುಡಿ ಉಪ್ಪು ಎರಡೂ ಬಳಸುವ ಮನೆಯಲ್ಲಿ ಎರಡಕ್ಕೂ ತಾರೀಖು ಬರೆಯಬೇಕು. ಉಪ್ಪಿನಕಾಯಿ ಹಾಕಿದ ತಿಂಗಳ ಉಪ್ಪು ಬೇರೆ ತೆಗೆದಿಡಬೇಕು. ಮಾಂಸ, ಮೀನು ತೊಳೆಯಲು, ದೃಷ್ಟಿ ತೆಗೆಯಲು ಹೋಗುವ ಉಪ್ಪೂ ಕಡಿಮೆಯೇನಲ್ಲ. ಚಿಕ್ಕ ಮಕ್ಕಳನ್ನು ಅರ್ಧ ತಲೆ ಎಂದು ಹಿಡಿಯಿರಿ, ಅವರ ಮಿತಿ ಅವರು ತಿನ್ನುವ ಊಟದ ಪ್ರಮಾಣಕ್ಕೆ ತಕ್ಕಂತೆ ಕಡಿಮೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಉಣ್ಣುವವರು ಮನೆ ಲೆಕ್ಕದಲ್ಲಿ ಮೂರನೇ ಎರಡು ಮಾತ್ರ. ಇಷ್ಟೆಲ್ಲ ಸರಿ ಮಾಡಿದ ಮೇಲೂ ಬರುವ ಸಂಖ್ಯೆ ಒಂದು ಗ್ರಾಂ ಆಚೆ ಈಚೆ ಇರಬಹುದು. ಆದರೆ 11ಕ್ಕೂ 6ಕ್ಕೂ ಇರುವ ವ್ಯತ್ಯಾಸ ಅದರಿಂದ ಮುಚ್ಚಿಹೋಗುವುದಿಲ್ಲ.

ಇನ್ನೂ ಖಚಿತವಾಗಿ ಬೇಕಾದವರಿಗೆ 24 ಗಂಟೆಯ ಮೂತ್ರದ ಸೋಡಿಯಂ ಪರೀಕ್ಷೆ ಇದೆ. ತಿಂದ ಸೋಡಿಯಂನಲ್ಲಿ ಶೇ. 90ರಷ್ಟು ಮೂತ್ರದಲ್ಲೇ ಹೊರಹೋಗುವುದರಿಂದ ಇದು ನಂಬಬಹುದಾದ ಅಳತೆ. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೊದಲ ಮೂತ್ರವನ್ನು ಹಿಡಿಯಬಾರದು, ಆ ಹೊತ್ತನ್ನು ಮಾತ್ರ ಬರೆದಿಟ್ಟುಕೊಳ್ಳಬೇಕು. ಅಲ್ಲಿಂದ ಮಾರನೆಯ ದಿನ ಅದೇ ಹೊತ್ತಿನವರೆಗೆ, ಮಾರನೆ ಬೆಳಗಿನ ಮೊದಲ ಮೂತ್ರವನ್ನೂ ಸೇರಿಸಿ, ಎಲ್ಲವನ್ನೂ ಲ್ಯಾಬಿನವರು ಕೊಟ್ಟ ಕ್ಯಾನಿನಲ್ಲಿ ಸಂಗ್ರಹಿಸಬೇಕು. ಎರಡು ತುದಿಯ ಮೊದಲ ಮೂತ್ರವನ್ನೂ ಸೇರಿಸಿಬಿಡುವುದು ಅಥವಾ ಮಧ್ಯೆ ಒಂದು ಸಲ ಮರೆತು ಬಚ್ಚಲಿಗೆ ಹೋಗಿಬಿಡುವುದು, ಈ ಎರಡರಿಂದಲೇ ಹೆಚ್ಚಿನ ವರದಿಗಳು ಕೆಡುವುದು. ಬಂದ ಒಟ್ಟು ಮಿಲಿಮೋಲ್ ಸಂಖ್ಯೆಯನ್ನು 17ರಿಂದ ಭಾಗಿಸಿದರೆ ಉಪ್ಪು ಗ್ರಾಂನಲ್ಲಿ ಸಿಗುತ್ತದೆ. 170 ಬಂದರೆ 10 ಗ್ರಾಂ, ಬೆವರು ಇತ್ಯಾದಿ ಸೇರಿಸಿದರೆ ತಿಂದದ್ದು 11ರ ಹತ್ತಿರ. ಭಾನುವಾರ ನಾಟಿಕೋಳಿ ಊಟ ಇರುವ ದಿನ ಈ ಪರೀಕ್ಷೆ ಮಾಡಿಸಬೇಡಿ, ಮಾಮೂಲಿ ದಿನ ನೋಡಿ ಮಾಡಿಸಿ.

ರಕ್ತದ ಸೋಡಿಯಂ ಪರೀಕ್ಷೆ ಮಾಡಿಸಿ "140 ಇದೆ, ನಾರ್ಮಲ್, ನಾನು ಉಪ್ಪು ಜಾಸ್ತಿ ತಿಂತಿಲ್ಲ" ಎಂದುಕೊಳ್ಳುವವರು ಬಹಳ ಜನ. ರಕ್ತದ ಸೋಡಿಯಂ 135ರಿಂದ 145ರ ಒಳಗೆ ಇರುವಂತೆ ಮೂತ್ರಪಿಂಡ ಮತ್ತು ಬಾಯಾರಿಕೆ ಸೇರಿ ನೋಡಿಕೊಳ್ಳುತ್ತವೆ. ಉಪ್ಪು ಹೆಚ್ಚು ತಿಂದರೆ ನೀರು ಹೆಚ್ಚು ಕುಡಿಯುತ್ತೀರಿ, ಆ ನೀರು ಉಪ್ಪಿನ ಜೊತೆಗೇ ಮೈಯಲ್ಲಿ ನಿಲ್ಲುತ್ತದೆ. ಹಾಗಾಗಿ ಸಂಖ್ಯೆ ಬದಲಾಗದೆ ರಕ್ತದ ಪ್ರಮಾಣ ಏರುತ್ತದೆ, ಒತ್ತಡವೂ ಏರುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುವುದು ಮೂತ್ರಪಿಂಡದ ಪಾಠವೂ ಹೌದು.

ಎಷ್ಟು ಇಳಿಯುತ್ತದೆ

ದಿನಕ್ಕೆ ಸುಮಾರು 4.4 ಗ್ರಾಂ ಉಪ್ಪು ಕಡಿಮೆ ಮಾಡಿದರೆ ಬಿಪಿ ಇರುವವರಲ್ಲಿ ಮೇಲಿನ ಸಂಖ್ಯೆ ಸರಾಸರಿ 5ರಷ್ಟು, ಬಿಪಿ ಇಲ್ಲದವರಲ್ಲಿ 2ರಿಂದ 3ರಷ್ಟು ಇಳಿಯುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2013ರ ವಿಶ್ಲೇಷಣೆ ತೋರಿಸಿದೆ. 2001ರಲ್ಲಿ ಪ್ರಕಟವಾದ ಅಮೆರಿಕದ ಡ್ಯಾಶ್-ಸೋಡಿಯಂ ಪ್ರಯೋಗದಲ್ಲಿ ಹಣ್ಣು, ತರಕಾರಿ, ಕೆನೆ ತೆಗೆದ ಹಾಲು ಹೆಚ್ಚಿಸಿ ಉಪ್ಪನ್ನೂ ಇಳಿಸಿದಾಗ ಬಿಪಿ ಇದ್ದವರಲ್ಲಿ ಇಳಿಕೆ 11ರವರೆಗೆ ಹೋಯಿತು. ಅಂದರೆ ಉಪ್ಪು ಇಳಿಸುವುದು ಅರ್ಧ ಕೆಲಸ, ಪೊಟ್ಯಾಸಿಯಂ ಮತ್ತು ಇತರ ಖನಿಜಗಳನ್ನು ಏರಿಸುವುದು ಇನ್ನರ್ಧ. ಉಪ್ಪು ತೀರಾ ಕಡಿಮೆಯಾದರೂ ಅಪಾಯ ಎಂಬ ವಾದ ಹಲವು ದೇಶಗಳಲ್ಲಿ ನಡೆದ ಪ್ಯೂರ್ ಎಂಬ 2014ರ ಅಧ್ಯಯನದಿಂದ ಜೋರಾಯಿತು. ಅಲ್ಲಿ ಅಳೆದದ್ದು ಬೆಳಗಿನ ಒಂದು ಸಲದ ಮೂತ್ರ, ಅದರಿಂದ ಇಡೀ ದಿನದ್ದನ್ನು ಅಂದಾಜು ಮಾಡಿದ್ದರು. ಆ ಜಗಳ ಇನ್ನೂ ಮುಗಿದಿಲ್ಲ. ಆದರೆ 10, 11 ಗ್ರಾಂ ತಿನ್ನುವವರು ಆ ಜಗಳದ ತೀರ್ಪಿಗೆ ಕಾಯಬೇಕಾದ್ದಿಲ್ಲ.

ಉಪ್ಸಾರು, ಬಸ್ಸಾರು: ಮೂರು ಸಲ ಬೀಳುವ ಉಪ್ಪು

ಬಸ್ಸಾರು ಮಾಡುವ ಕ್ರಮ ನೋಡಿ. ಹುರುಳಿಕಾಳೋ ಅಲಸಂದೆಯೋ ಬೇಯಲು ಇಟ್ಟು, ಸೊಪ್ಪು ಹಾಕುವಾಗ ಉಪ್ಪು ಹಾಕುತ್ತಾರೆ. ಇದು ಒಂದು. ಬಸಿದ ಕಟ್ಟಿಗೆ ರುಬ್ಬಿದ ಮಸಾಲೆ, ಹುಣಸೆಹುಳಿ ಬಿಟ್ಟು ಕುದಿಸುವಾಗ ರುಚಿ ನೋಡಿ ಮತ್ತೆ ಉಪ್ಪು. ಎರಡು. ಮಿಕ್ಕ ಕಾಳು ಸೊಪ್ಪಿಗೆ ಕಾಯಿತುರಿ ಹಾಕಿ ಪಲ್ಯದ ಒಗ್ಗರಣೆ ಮಾಡುವಾಗ ಇನ್ನೊಂದು ಚಿಟಿಕೆ. ಮೂರು. ಉಪ್ಸಾರಿನಲ್ಲಿ ಮೂರನೆಯ ಉಪ್ಪು ಖಾರದಲ್ಲಿರುತ್ತದೆ: ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ಜೊತೆಗೆ ಕಲ್ಲುಪ್ಪು ಇಟ್ಟೇ ಅರೆಯುವುದು. ಪ್ರತಿ ಸಲ ಹಾಕುವಾಗಲೂ ಕೈ ಅಳತೆ, ಪ್ರತಿ ಸಲವೂ "ಇನ್ನೊಂಚೂರು".

ಒಂದು ಲೀಟರ್ ಸಾರಿಗೆ ಎರಡು ಟೀ ಚಮಚ, ಅಂದರೆ 12 ಗ್ರಾಂ ಉಪ್ಪು ಬಿದ್ದರೆ ಅದು ಶೇ. 1.2. ಮುದ್ದೆ ಮುಳುಗುವಷ್ಟು ಸಾರು, 250 ಮಿ.ಲೀ. ಹಾಕಿಸಿಕೊಂಡರೆ ಒಂದು ಊಟಕ್ಕೆ 3 ಗ್ರಾಂ ಉಪ್ಪು ಸಾರಿನಿಂದಲೇ. ರಾತ್ರಿಯೂ ಅದೇ ಆದರೆ 6. ದಿನದ ಮಿತಿ ಅಲ್ಲೇ ದಾಟಿತು, ಬೆಳಗಿನ ತಿಂಡಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಒಂದು ಕೆ.ಜಿ. ಇಡ್ಲಿ ಹಿಟ್ಟಿಗೆ ಎರಡು ಚಮಚ ಉಪ್ಪು ಹಾಕುವ ಮನೆಯಲ್ಲಿ 55 ಗ್ರಾಂನ ನಾಲ್ಕು ಇಡ್ಲಿಯಲ್ಲಿ ಎರಡೂವರೆ ಗ್ರಾಂ ಇರುತ್ತದೆ, ಚಟ್ನಿ ಬಿಟ್ಟು.

ತಲುಪಬೇಕಾದ ಅಳತೆ ಹೀಗೆ: ಒಂದು ಲೀಟರ್ ಸಾರಿಗೆ, ಬೇಯಿಸುವಾಗ ಹಾಕಿದ್ದೂ ಸೇರಿ, ಸವರಿದ ಒಂದೇ ಟೀ ಚಮಚ. ಊಟಕ್ಕೆ ಒಂದೂವರೆ ಗ್ರಾಂ ಆಯಿತು. ಒಂದೇ ದಿನ ಇಲ್ಲಿಗೆ ಇಳಿಸಲು ಹೋದರೆ ಮನೆಯವರು ಮೇಲಿಂದ ಉಪ್ಪು ಸುರಿದುಕೊಳ್ಳುತ್ತಾರೆ, ಮೂರನೇ ದಿನಕ್ಕೆ ಎಲ್ಲ ಮೊದಲಿನಂತೆ. ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ನಾಲಿಗೆಗೆ ಗೊತ್ತಾಗುವುದಿಲ್ಲ. 12 ಗ್ರಾಂ ಹಾಕುತ್ತಿದ್ದಲ್ಲಿ ಎರಡು ವಾರ 11, ಮುಂದಿನ ಎರಡು ವಾರ 10 ಗ್ರಾಂ, ಹೀಗೆ ಇಳಿಸುತ್ತ ಹೋದರೆ ಮೂರು ತಿಂಗಳಲ್ಲಿ 6ರ ಆಸುಪಾಸಿಗೆ ಬರುತ್ತೀರಿ. ಅಷ್ಟರಲ್ಲಿ ನಾಲಿಗೆಯೂ ಒಗ್ಗಿರುತ್ತದೆ, ಮದುವೆ ಮನೆಯ ಸಾರು ಉಪ್ಪುಪ್ಪು ಅನಿಸತೊಡಗುತ್ತದೆ.

ಕೈ ಅಳತೆ ಬಿಡಿಸಲು ಒಂದೇ ಉಪಾಯ. ಬೆಳಿಗ್ಗೆ ಇಡೀ ದಿನಕ್ಕೆ ಬೇಕಾದ ಉಪ್ಪನ್ನು ಒಂದು ಚಿಕ್ಕ ಡಬ್ಬಿಗೆ ಅಳೆದು ಹಾಕಿಡಿ. ತಲೆಗೆ 4 ಗ್ರಾಂನಂತೆ ನಾಲ್ಕು ಜನಕ್ಕೆ 16 ಗ್ರಾಂ, ಅಂದರೆ ಎರಡೂವರೆ ಚಮಚಕ್ಕೆ ಚೂರು ಹೆಚ್ಚು. ತಿಂಡಿ, ಸಾರು, ಪಲ್ಯ, ಮಜ್ಜಿಗೆ ಎಲ್ಲಕ್ಕೂ ಅದರಲ್ಲೇ. ದೊಡ್ಡ ಉಪ್ಪಿನ ಜಾಡಿ ಒಲೆಯಿಂದ ದೂರದ ಕಪಾಟಿಗೆ ಹೋಗಲಿ. ಹಿಂದಿನ ರಾತ್ರಿಯೇ ಉಪ್ಪು ಬೆರೆಸಿದ ದೋಸೆ ಹಿಟ್ಟನ್ನು ಮರೆತು ಎರಡು ಸಲ ಲೆಕ್ಕ ಹಾಕುವುದು, ಅಥವಾ ಲೆಕ್ಕಕ್ಕೇ ಹಿಡಿಯದಿರುವುದು, ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು.

ಇನ್ನು ರುಚಿ ನೋಡುವ ವಿಷಯ. ಕೊತಕೊತ ಕುದಿಯುವ ಸಾರನ್ನು ಅಂಗೈಗೆ ಬಿಟ್ಟು ನೆಕ್ಕಿದರೆ ಉಪ್ಪು ಕಡಿಮೆ ಅಂತಲೇ ಅನಿಸುತ್ತದೆ. ಉಗುರುಬೆಚ್ಚಗಾದ ಮೇಲೆ ನೋಡಿ ತೀರ್ಮಾನಿಸಿ. ಹುಣಸೆಹುಳಿ ಬೀಳುವ ಮೊದಲು ಉಪ್ಪು ಸರಿ ಮಾಡಲು ಹೋಗಬೇಡಿ, ಹುಳಿ ಬಂದ ಮೇಲೆ ಉಪ್ಪು ತಾನಾಗಿಯೇ ಎದ್ದು ಕಾಣುತ್ತದೆ. ಪಲ್ಯಕ್ಕೆ ಬೇಯುವಾಗಲೇ ಹಾಕಿದ ಉಪ್ಪು ಒಳಗಿಳಿದು ಕಾಣೆಯಾಗುತ್ತದೆ, ಇಳಿಸುವ ಮುಂಚೆ ಮೇಲೆ ಉದುರಿಸಿದರೆ ಅರ್ಧದಲ್ಲಿ ಅಷ್ಟೇ ರುಚಿ ಸಿಗುತ್ತದೆ. ಬೆಳ್ಳುಳ್ಳಿ ಒಗ್ಗರಣೆ, ಹುರಿದ ಜೀರಿಗೆ ಮೆಣಸು, ಕೊನೆಗೆ ಹಿಂಡಿದ ನಿಂಬೆಹಣ್ಣು ಉಪ್ಪಿನ ಕೊರತೆಯನ್ನು ಬಹಳಮಟ್ಟಿಗೆ ತುಂಬುತ್ತವೆ.

ನಿನ್ನೆಯ ಬಸ್ಸಾರು ಇವತ್ತಿಗೆ ಹೆಚ್ಚು ರುಚಿ ಅನ್ನುವುದರಲ್ಲಿ ಒಂದು ಪಾಲು ಉಪ್ಪಿನದು. ಎರಡು ಮೂರು ಸಲ ಕಾಯಿಸುವಷ್ಟರಲ್ಲಿ ಒಂದು ಲೀಟರ್ ಸಾರು 800 ಮಿ.ಲೀ.ಗೆ ಬತ್ತಿದರೆ ಶೇ. 1.2 ಇದ್ದದ್ದು 1.5 ಆಗುತ್ತದೆ. ಕಾಯಿಸುವಾಗ ಬತ್ತಿದಷ್ಟು ಬಿಸಿನೀರು ಸೇರಿಸಿ.

ಬದಿಯಲ್ಲಿರುವುದು

ಉಪ್ಪಿನಕಾಯಿ ಮುಗ್ಧ ಅಂತ ಹೇಳುತ್ತಿಲ್ಲ. ಒಂದು ಕೆ.ಜಿ. ಮಾವಿನಕಾಯಿ ಹೋಳಿಗೆ 200 ಗ್ರಾಂ ಉಪ್ಪು ಹಾಕುವ ಮನೆಯಲ್ಲಿ, ಖಾರದ ಪುಡಿ, ಎಣ್ಣೆ ಸೇರಿದ ಮೇಲೂ ಶೇ. 15ರ ಸುತ್ತ ಉಪ್ಪಿರುತ್ತದೆ. ಒಂದು ಚಮಚ, 10 ಗ್ರಾಂ ಬಡಿಸಿಕೊಂಡರೆ ಒಂದೂವರೆ ಗ್ರಾಂ ಉಪ್ಪು. ಉಪ್ಪು ಕಡಿಮೆ ಹಾಕಿ ಉಪ್ಪಿನಕಾಯಿ ಮಾಡಿದರೆ ಬೂಸ್ಟು ಹಿಡಿಯುತ್ತದೆ, ಹಾಗಾಗಿ ಅಲ್ಲಿ ಉಪ್ಪು ಇಳಿಸುವುದಕ್ಕಿಂತ ತಿನ್ನುವ ಪ್ರಮಾಣ ಇಳಿಸುವುದೇ ಸರಿ. ಹಪ್ಪಳದಲ್ಲಿ ಉಪ್ಪಿನ ಜೊತೆ ಹಪ್ಪಳಖಾರವೂ ಇರುತ್ತದೆ, ಅದೂ ಸೋಡಿಯಂನದೇ ಲವಣ. ಬಾಳಕದ ಮೆಣಸಿನಕಾಯಿ ಉಪ್ಪಲ್ಲೇ ನೆನೆದದ್ದು. ಒಣಮೀನನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ ಆ ನೀರು ಚೆಲ್ಲಿ, ಇನ್ನೊಮ್ಮೆ ತೊಳೆದು ಬಳಸಿದರೆ ಒಂದಷ್ಟು ಉಪ್ಪು ಹೋಗುತ್ತದೆ, ಆಮೇಲೆ ಸಾರಿಗೆ ಬೇರೆ ಉಪ್ಪು ಬೇಡ.

ಹೆಸರಲ್ಲಿ ಉಪ್ಪಿಲ್ಲದ ಸೋಡಿಯಂ ಇನ್ನೂ ಇದೆ. ಅಡುಗೆ ಸೋಡದಲ್ಲಿ ಶೇ. 27ರಷ್ಟು ಸೋಡಿಯಂ. ಬೋರ್‌ವೆಲ್ ನೀರಲ್ಲಿ ಕಾಳು ಬೇಯುವುದಿಲ್ಲ ಅಂತ ಅರ್ಧ ಚಮಚ ಸೋಡ ಹಾಕಿದರೆ 600 ಮಿ.ಗ್ರಾಂಗಿಂತ ಹೆಚ್ಚು ಸೋಡಿಯಂ ಪಾತ್ರೆಗೆ ಇಳಿದಂತೆ, ಅಂದರೆ ಒಂದೂವರೆ ಗ್ರಾಂ ಉಪ್ಪಿಗೆ ಸಮ. ಸೋಡದ ಬದಲು ಕಾಳನ್ನು ಎಂಟು ಹತ್ತು ಗಂಟೆ ನೆನೆಸಿ, ಬೇಯಿಸಲು ಕಾವೇರಿ ನೀರೋ ಫಿಲ್ಟರ್ ನೀರೋ ಬಳಸಿ. ಹೊಟ್ಟೆಯುಬ್ಬರಕ್ಕೆ ನೀರಲ್ಲಿ ಕದಡಿ ಕುಡಿಯುವ ನೊರೆ ಪುಡಿ, ನೀರಲ್ಲಿ ಬುರಬುರ ಕರಗುವ ಮಾತ್ರೆಗಳು ಕೂಡ ಇದೇ ಜಾತಿ. ದಿನಾ ರಾತ್ರಿ ಅದನ್ನು ಕುಡಿಯುವ ಬಿಪಿಯವರಿದ್ದಾರೆ.

ಹೊಸ ಬಡಾವಣೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಗಡಸು ನೀರಿಗೆ ಸಾಫ್ಟ್‌ನರ್ ಕೂರಿಸಿರುತ್ತಾರೆ. ಅದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟು ಸೋಡಿಯಂ ಬಿಡುತ್ತದೆ; ತಿಂಗಳಿಗೊಮ್ಮೆ ಅದಕ್ಕೆ ಮೂಟೆ ಉಪ್ಪು ಸುರಿಯುವುದು ಅದಕ್ಕೇ. ಲೀಟರಿಗೆ 100 ಮಿ.ಗ್ರಾಂ ಗಡಸುತನ ತೆಗೆದರೆ 46 ಮಿ.ಗ್ರಾಂ ಸೋಡಿಯಂ ಸೇರುತ್ತದೆ. 500 ಗಡಸಿನ ನೀರಾದರೆ ಲೀಟರಿಗೆ 230 ಮಿ.ಗ್ರಾಂ. ದಿನಕ್ಕೆ ಎರಡು ಲೀಟರ್ ಕುಡಿದರೆ ಮಿತಿಯ ಕಾಲುಭಾಗದ ಹತ್ತಿರ ನೀರಲ್ಲೇ ಹೋಯಿತು. ಅಡುಗೆಮನೆಯ ನಲ್ಲಿಗೆ ಸಾಫ್ಟ್‌ನರ್ ದಾಟದ ನೀರಿನ ಬೇರೆ ಲೈನ್ ಎಳೆಸಿ, ಇಲ್ಲವೇ ಮುಂದೆ ಆರ್‌ಒ ಹಾಕಿಸಿ.

ಪೊಟ್ಟಣದ ತಿಂಡಿಗಳಿಗೆ ಒಂದೇ ಸೂತ್ರ ಸಾಕು. ಹಿಂಬದಿಯ ಪಟ್ಟಿಯಲ್ಲಿ 100 ಗ್ರಾಂಗೆ ಸೋಡಿಯಂ 600 ಮಿ.ಗ್ರಾಂ ದಾಟಿದರೆ ಹೆಚ್ಚು, 120ರ ಒಳಗಿದ್ದರೆ ಕಡಿಮೆ. ಸೋಡಿಯಂ ಸಂಖ್ಯೆಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ಹೋಟೆಲಿನಲ್ಲಿ ಎರಡನೇ ಸಲ ಸಾಂಬಾರ್ ಬಟ್ಟಲು ತುಂಬಿಸಿಕೊಳ್ಳದಿದ್ದರೆ ಅರ್ಧ ಕೆಲಸ ಆದಂತೆ.

ರಾಗಿ ಕೊಟ್ಟದ್ದನ್ನು ಉಪ್ಪು ಒಯ್ಯುತ್ತದೆ

ಪೊಟ್ಯಾಸಿಯಂ ವಿಷಯದಲ್ಲಿ ನಮ್ಮ ಕಡೆಯ ಹಳೆಯ ಊಟವನ್ನು ಮೀರಿಸುವುದು ಕಷ್ಟ. ದಿನಕ್ಕೆ ಬೇಕಾದ್ದು ಸುಮಾರು 3500 ಮಿ.ಗ್ರಾಂ. ಒಂದು ದಪ್ಪ ಮುದ್ದೆಗೆ ಹೋಗುವ 100 ಗ್ರಾಂ ರಾಗಿ ಹಿಟ್ಟಿನಲ್ಲಿ 400ಕ್ಕೂ ಹೆಚ್ಚು, ಅದೇ ತೂಕದ ಪಾಲಿಶ್ ಅಕ್ಕಿಯಲ್ಲಿ 100ರ ಚಿಲ್ಲರೆ. 50 ಗ್ರಾಂ ಹುರುಳಿಯಲ್ಲಿ ಸುಮಾರು 500, ಒಂದು ಹಿಡಿ ದಂಟಿನ ಸೊಪ್ಪಲ್ಲಿ ಅಷ್ಟೇ ಇನ್ನೊಂದಿಷ್ಟು. ಬಸಿದ ಕಟ್ಟನ್ನು ಚೆಲ್ಲದೆ ಸಾರಿಗೇ ಬಳಸುವುದರಿಂದ ನೀರಿಗಿಳಿದ ಪೊಟ್ಯಾಸಿಯಂ ಕೂಡ ತಟ್ಟೆಗೇ ಬರುತ್ತದೆ. ಒಂದು ಬಸ್ಸಾರು ಮುದ್ದೆ ಊಟ ದಿನದ ಮೂರನೇ ಒಂದಕ್ಕಿಂತ ಹೆಚ್ಚು ತುಂಬಿಸುತ್ತದೆ. ಮದ್ದೂರಿನ ಎಳನೀರೂ ಈ ಲೆಕ್ಕಕ್ಕೆ ಸೇರುತ್ತದೆ.

ಮೂತ್ರಪಿಂಡದ ತೊಂದರೆಯಿದ್ದು, ವೈದ್ಯರು ಪೊಟ್ಯಾಸಿಯಂ ಕಡಿಮೆ ಮಾಡಿ ಎಂದಿದ್ದರೆ ಇದೆಲ್ಲ ತಲೆಕೆಳಗು. ಅಂಥವರಿಗೆ ಸೊಪ್ಪು, ಕಾಳನ್ನು ಬಹಳಷ್ಟು ನೀರಲ್ಲಿ ಬೇಯಿಸಿ ಕಟ್ಟನ್ನು ಚೆಲ್ಲಬೇಕು, ಪಲ್ಯ ಮಾತ್ರ ಅಳತೆಯಲ್ಲಿ ಕೊಡಬೇಕು, ಬಸ್ಸಾರು ಮತ್ತು ಎಳನೀರು ದೂರ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪೂ ಅವರಿಗೆ ಸಲ್ಲದು, ಏಕೆಂದರೆ ಅದರಲ್ಲಿ ಒಂದು ಪಾಲು ಸೋಡಿಯಂ ಕ್ಲೋರೈಡ್ ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾಲ್ಕನೇ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಇಂಥ ಉಪ್ಪಿನಿಂದ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು, ಹಾಗಾಗಿ ಮೂತ್ರಪಿಂಡ ಸರಿಯಿರುವವರಿಗೆ ಅದು ಒಳ್ಳೆಯ ಆಯ್ಕೆಯೇ. ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರನೋಲ್ಯಾಕ್ಟೋನ್ ಥರದ, ಪೊಟ್ಯಾಸಿಯಂ ಏರಿಸಬಲ್ಲ ಮಾತ್ರೆ ನುಂಗುವವರು, ಹಳೆಯ ಸಕ್ಕರೆ ಕಾಯಿಲೆಯವರು ಮೊದಲು ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಅಳತೆ), ಪೊಟ್ಯಾಸಿಯಂ ನೋಡಿಸಿ, ವೈದ್ಯರನ್ನು ಕೇಳಿಯೇ ಪೊಟ್ಟಣ ಬದಲಿಸಬೇಕು. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಹಾದಿ ತಪ್ಪಬಹುದು, ಬಹಳ ಸಲ ಮುಂಚೆ ಯಾವ ಸೂಚನೆಯನ್ನೂ ಕೊಡದೆ.

ಕ್ಯಾಲ್ಸಿಯಂ ಕಡೆಗೆ ಬಂದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇದೆ, ದಿನಕ್ಕೆ ಬೇಕಾದ್ದು 1000. ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ತಳಿಗಳನ್ನು ನಮ್ಮವುಗಳ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ರಾಗಿಗೆ ಬರವಿಲ್ಲ, ಆದರೂ ಅದರ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ. ಸಿಪ್ಪೆಯಲ್ಲಿರುವ ಫೈಟೇಟ್ ಎಂಬ ವಸ್ತು ಒಂದಷ್ಟನ್ನು ಕಟ್ಟಿಹಾಕುತ್ತದೆ. ರಾತ್ರಿಯೆಲ್ಲ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಟ್ಟು ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಬೀಸಿಸಿದರೆ ಫೈಟೇಟ್ ಇಳಿಯುತ್ತದೆ. ಮೊಳೆ ಉದ್ದ ಬಿಟ್ಟರೆ ಹಿಟ್ಟು ಸಿಹಿಯಾಗಿ ಮುದ್ದೆ ಕಟ್ಟುವುದಿಲ್ಲ, ಅಂಬಲಿಗಷ್ಟೇ ಆಗುತ್ತದೆ. ಮೊಳೆ ಇಣುಕಿದ ಕೂಡಲೇ ಒಣಗಿಸಿ. ಬೆಳ್ಳಗಿರಲೆಂದು ತೆಳು ಜರಡಿ ಹಿಡಿಯಬೇಡಿ, ಕ್ಯಾಲ್ಸಿಯಂ ಹೆಚ್ಚಿರುವುದು ಆ ಸಿಪ್ಪೆಯಲ್ಲೇ.

ಉಪ್ಪು ಇಲ್ಲೂ ಕೈ ಹಾಕುತ್ತದೆ. ಮೂತ್ರಪಿಂಡ ಹೆಚ್ಚುವರಿ ಸೋಡಿಯಂ ಹೊರಹಾಕುವಾಗ ಜೊತೆಗೆ ಕ್ಯಾಲ್ಸಿಯಂ ಕೂಡ ಹೋಗುತ್ತದೆ: ಪ್ರತಿ 6 ಗ್ರಾಂ ಉಪ್ಪಿಗೆ ಹತ್ತಿರ ಹತ್ತಿರ 40 ಮಿ.ಗ್ರಾಂ. ಒಂದು ಮುದ್ದೆಯ 350ರಲ್ಲಿ ಕಾಲುಭಾಗ ಮೈಗೆ ಹತ್ತಿತು ಅಂತ ಹಿಡಿದರೂ, ಅದರ ಅರ್ಧದಷ್ಟು ದಿನದ ಎರಡು ಊಟದ ಸಾರಿನ 6 ಗ್ರಾಂ ಉಪ್ಪಿನಿಂದಲೇ ಮೂತ್ರಕ್ಕೆ ಹೋಯಿತು. ಆ ಕ್ಯಾಲ್ಸಿಯಂ ಮೂತ್ರದಲ್ಲಿ ಆಕ್ಸಲೇಟ್ ಎಂಬ ವಸ್ತುವಿನ ಜೊತೆ ಸೇರಿದರೆ ಮೂತ್ರಪಿಂಡದ ಕಲ್ಲು. ಕಲ್ಲು ಬಂದವರಿಗೆ ಹಾಲು, ರಾಗಿ ಬಿಡಿಸುವುದು ನಮ್ಮಲ್ಲಿ ರೂಢಿ, ಅದು ಉಲ್ಟಾ. ಊಟದ ಜೊತೆಯ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಲ್ಲೇ ಹಿಡಿದು ಹೊರಗೆ ಸಾಗಿಸುತ್ತದೆ. 2002ರ ಇಟಲಿಯ ಪ್ರಯೋಗದಲ್ಲಿ ಕ್ಯಾಲ್ಸಿಯಂ ಮಾಮೂಲಿಯಾಗಿಟ್ಟು ಉಪ್ಪು, ಮಾಂಸ ಇಳಿಸಿದವರಿಗೆ ಐದು ವರ್ಷದಲ್ಲಿ ಕಲ್ಲು ಮರುಕಳಿಸಿದ್ದು ಕ್ಯಾಲ್ಸಿಯಂ ಕಡಿಮೆ ಮಾಡಿದವರ ಅರ್ಧದಷ್ಟು.

ಕಬ್ಬಿಣದ ಬಗ್ಗೆ ಎರಡೇ ಮಾತು. ಊಟ, ತಿಂಡಿ ಆದ ಕೂಡಲೇ ಫಿಲ್ಟರ್ ಕಾಫಿ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣ ಹೀರಿಕೊಳ್ಳುವುದು ಬಹಳ ಕಡಿಮೆಯಾಗುತ್ತದೆ, ಒಂದು ಗಂಟೆ ಬಿಡಿ. ಬೆಲ್ಲದಿಂದ ರಕ್ತ ಏರುತ್ತದೆ ಅಂತ ಮಂಡ್ಯದವರೇ ನಂಬಬಾರದು: 10 ಗ್ರಾಂ ಬೆಲ್ಲದಲ್ಲಿ ಸಿಗುವುದು ಒಂದು ಮಿಲಿಗ್ರಾಂ ಆಸುಪಾಸು ಅಥವಾ ಅದಕ್ಕೂ ಕಡಿಮೆ, ಹೆಂಗಸರಿಗೆ ದಿನಕ್ಕೆ ಬೇಕಾದ್ದು 29.

ಉಪ್ಪು ಇಳಿಸಿದಾಗ ಅಯೋಡಿನ್ ಕೂಡ ಇಳಿಯುತ್ತದೆಂಬ ಆತಂಕ ಸರಿಯಾದದ್ದೇ. ಅಯೋಡಿನ್ 30 ಪಿಪಿಎಂ (ಕೆ.ಜಿ.ಗೆ 30 ಮಿ.ಗ್ರಾಂ) ಇರುವ ಉಪ್ಪು 5 ಗ್ರಾಂ ತಿಂದರೆ ದಿನದ 150 ಮೈಕ್ರೋಗ್ರಾಂ ಸಿಕ್ಕಿತು, 15 ಪಿಪಿಎಂಗೆ ಬಿದ್ದಿದ್ದರೆ ಅರ್ಧವೇ. ಅದು ಬೀಳುವುದು ಒಲೆ ಪಕ್ಕದ ಬಾಯಿ ತೆರೆದ ಮರಿಗೆಯಲ್ಲಿ, ಬಿಸಿ ಮತ್ತು ತೇವದಿಂದ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಉಪ್ಪನ್ನು ಅಡುಗೆಯ ಕೊನೆಗೆ ಹಾಕಿ.

ಯಾರು ಇಳಿಸಬಾರದು

ಏಪ್ರಿಲ್ ಬಿಸಿಲಲ್ಲಿ ಕಬ್ಬು ಕಡಿಯುವವರ ಲೆಕ್ಕವೇ ಬೇರೆ. ಒಂದು ಲೀಟರ್ ಬೆವರಿನಲ್ಲಿ 500ರಿಂದ 1800 ಮಿ.ಗ್ರಾಂವರೆಗೂ ಸೋಡಿಯಂ ಹೋಗುತ್ತದೆ. ಅವರಿಗೆ ಬರೀ ನೀರಲ್ಲ, ಉಪ್ಪು ಹಾಕಿದ ನೀರುಮಜ್ಜಿಗೆ ಬೇಕು. ವಾಂತಿ ಭೇದಿಯಾದಾಗ ಒ.ಆರ್.ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಸವರಿದ ಅರ್ಧ ಟೀ ಚಮಚ ಉಪ್ಪು, ಆರು ಟೀ ಚಮಚ ಸಕ್ಕರೆ. ಉಪ್ಪು ಒಂದು ಚಮಚ ಆಗಿಬಿಟ್ಟರೆ ಮಕ್ಕಳಿಗೆ ಅದೇ ಅಪಾಯ.

ಇನ್ನೊಂದು ಗುಂಪು ವಯಸ್ಸಾದವರದು. "ಅಜ್ಜಿಗೆ ಸೋಡಿಯಂ ಕಮ್ಮಿಯಾಗಿದೆಯಂತೆ, ಉಪ್ಪು ಜಾಸ್ತಿ ತಿನ್ನಿಸಿ" ಅಂತ ಹೇಳುವುದು ಕೇಳಿರುತ್ತೀರಿ. ಊಟದ ಉಪ್ಪು 5 ಗ್ರಾಂಗೆ ಇಳಿಸಿದ್ದರಿಂದಷ್ಟೇ ಹೀಗಾಗುವುದು ಅಪರೂಪ. ಮೈಯಲ್ಲಿ ಉಪ್ಪಿಗಿಂತ ನೀರಿನ ಪಾಲು ಹೆಚ್ಚಾದಾಗ ಈ ಸಂಖ್ಯೆ ಬೀಳುತ್ತದೆ, ಅದರ ಹಿಂದೆ ಬಹಳ ಸಲ ಒಂದು ಮಾತ್ರೆ ಇರುತ್ತದೆ: ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್, ಇಂಡಪಮೈಡ್ ಥರದ ಮೂತ್ರ ಹೆಚ್ಚಿಸುವ ಬಿಪಿ ಔಷಧ. ಹೆಸರಿನ ಕೊನೆಗೆ ಎಚ್ ಅಕ್ಷರ ಇರುವ ಹಲವು ಬಿಪಿ ಮಾತ್ರೆಗಳಲ್ಲಿ ಮೊದಲನೆಯದು ಸೇರಿರುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳೂ ಹೀಗೆ ಮಾಡುತ್ತವೆ. ಮಾತು ತೊದಲುವುದು, ಹೊತ್ತಲ್ಲದ ಹೊತ್ತಲ್ಲಿ ಮಂಪರು, ನಡೆಯುವಾಗ ಓಲಾಟ, ಇದ್ದಕ್ಕಿದ್ದಂತೆ ಮನೆಯವರ ಗುರುತು ಸಿಗದಿರುವುದು ಕಂಡರೆ ಉಪ್ಪುನೀರು ಕುಡಿಸುತ್ತ ಕೂರಬೇಡಿ. ಮಾತ್ರೆಗಳ ಪಟ್ಟಿ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ ರಕ್ತದ ಸೋಡಿಯಂ ನೋಡಿಸಿ. ಅಂಥ ಮಾತ್ರೆ ಹೊಸದಾಗಿ ಶುರು ಮಾಡಿದ ಹಿರಿಯರಿಗೆ ಏನೂ ಲಕ್ಷಣ ಇಲ್ಲದಿದ್ದರೂ ಒಂದೆರಡು ವಾರದೊಳಗೆ ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಪರೀಕ್ಷೆ ಮಾಡಿಸಬೇಕು.